ಹೊರಗೆ ಕಾಣದ ಗಾಯ: ಎದೆ ಮತ್ತು ಹೊಟ್ಟೆಗೆ ಬಿದ್ದ ಪೆಟ್ಟನ್ನು ತುರ್ತು ಚಿಕಿತ್ಸೆಯಲ್ಲಿ ಗುರುತಿಸುವ ಬಗೆ

ಬೈಕಿನಿಂದ ಬಿದ್ದ ಹದಿಹರೆಯದ ಹುಡುಗನೊಬ್ಬ ಕ್ಯಾಶುವಾಲ್ಟಿಗೆ ನಡೆದುಕೊಂಡೇ ಬರುತ್ತಾನೆ. ಮೊಣಕೈ, ಮೊಣಕಾಲುಗಳ ಚರ್ಮ ಕಿತ್ತು ರಕ್ತ ಒಸರುತ್ತಿರುವುದರಿಂದ ಜೊತೆಗೆ ಬಂದವರ ಕಣ್ಣೆಲ್ಲ ಅಲ್ಲೇ ಇರುತ್ತದೆ. ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ಎಡ ಮೇಲ್ಭಾಗದಲ್ಲಿ, ಪಕ್ಕೆಲುಬು ಮುಗಿಯುವಲ್ಲಿ, ಹ್ಯಾಂಡಲಿನ ತುದಿ ಒತ್ತಿ ಮೂಡಿದ ಎರಡು ಬೆರಳಗಲದ ದುಂಡನೆಯ ಕೆಂಪು ಗುರುತೊಂದು ಕಾಣುತ್ತದೆ. ರಕ್ತದೊತ್ತಡ 110/80 ಇದೆ. ಹೊಟ್ಟೆ ಸ್ವಲ್ಪ ನೋಯುತ್ತಿದೆ ಎನ್ನುವ ಹುಡುಗ, ಎಡ ಭುಜವೂ ನೋಯುತ್ತಿದೆ ಎಂದು ಸೇರಿಸುತ್ತಾನೆ. ಆದರೆ ಭುಜಕ್ಕೆ ಪೆಟ್ಟೇ ಬಿದ್ದಿಲ್ಲ. ಅನುಭವಿ ವೈದ್ಯರನ್ನು ಎಚ್ಚರಿಸುವುದು ರಕ್ತ ಒಸರುವ ಮೊಣಕಾಲಲ್ಲ, ಕಾರಣವಿಲ್ಲದ ಈ ಭುಜದ ನೋವು. ಗುಲ್ಮ (ಹೊಟ್ಟೆಯ ಎಡ ಮೇಲ್ಭಾಗದಲ್ಲಿರುವ ಅಂಗ, ಸ್ಪ್ಲೀನ್) ಸೀಳಿ ಹರಿದ ರಕ್ತವು ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯ, ಕೆಳಮೈಯನ್ನು ಕೆರಳಿಸುತ್ತದೆ. ವಪೆಗೂ ಭುಜದ ಚರ್ಮಕ್ಕೂ ಕುತ್ತಿಗೆಯ ಒಂದೇ ನರಮೂಲಗಳ ಸಂಬಂಧವಿರುವುದರಿಂದ ಮಿದುಳು ಆ ನೋವನ್ನು ಭುಜದ್ದೆಂದು ಭಾವಿಸುತ್ತದೆ.

ಕೈಕಾಲಿನ ಗಾಯ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ, ಮುಂಡಭಾಗದ ಗಾಯ ಮಾತ್ರ ಅಡಗಿ ಕೂರುತ್ತದೆ. ಆದಕಾರಣ ಯಾವ ಅಂಗಕ್ಕೆ ಪೆಟ್ಟಾಗಿದೆ ಎಂಬುದನ್ನು ಮೊದಲು ನಿರ್ಧರಿಸಿ ಆಮೇಲೆ ಚಿಕಿತ್ಸೆ ಕೊಡುವ ವೈದ್ಯಶಾಸ್ತ್ರದ ಎಂದಿನ ಕ್ರಮ ಇಲ್ಲಿ ತಲೆಕೆಳಗಾಗುತ್ತದೆ. ಉಸಿರು ನಿಲ್ಲುವಂತಿದೆಯೇ, ಎಲ್ಲೋ ರಕ್ತ ಸೋರುತ್ತಿದೆಯೇ ಎಂಬ ಎರಡು ಪ್ರಶ್ನೆಗಳು ಮೊದಲು ಬರುತ್ತವೆ, ಅವಕ್ಕೆ ಚಿಕಿತ್ಸೆಯೂ ಒಡನೆಯೇ ಆರಂಭವಾಗುತ್ತದೆ. ರೋಗನಿರ್ಣಯದ ಹೆಸರು ಬರೆಯುವ ಕೆಲಸ ಆಮೇಲಿನದು.

ಈ ಕ್ರಮ ಇಂದು ಜಗತ್ತಿನಾದ್ಯಂತ ರೂಢಿಗೆ ಬಂದಿರುವುದರ ಹಿಂದೆ ಒಂದು ದುರಂತವಿದೆ. ಜೇಮ್ಸ್ ಸ್ಟೈನರ್ ಎಂಬ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕರು 1976ರ ಫೆಬ್ರವರಿಯಲ್ಲಿ ತಾವೇ ಹಾರಿಸುತ್ತಿದ್ದ ಪುಟ್ಟ ವಿಮಾನ ನೆಬ್ರಾಸ್ಕದ ಹೊಲವೊಂದಕ್ಕೆ ಅಪ್ಪಳಿಸಿದಾಗ ಪತ್ನಿಯನ್ನು ಕಳೆದುಕೊಂಡರು. ಗಾಯಗೊಂಡ ಮಕ್ಕಳೊಂದಿಗೆ ಹತ್ತಿರದ ಗ್ರಾಮೀಣ ಆಸ್ಪತ್ರೆಗೆ ಹೋದಾಗ ಅಲ್ಲಿ ಸಿಕ್ಕ ಆರೈಕೆಯ ಗೊಂದಲ ಅವರನ್ನು ಕಂಗೆಡಿಸಿತು. ಸಣ್ಣ ಊರಿನಲ್ಲಿ ಒಬ್ಬರೇ ಇರುವ ವೈದ್ಯರೂ ಅನುಸರಿಸಬಹುದಾದ ಒಂದು ತರಬೇತಿ ಬೇಕೆಂದು ಅವರೂ ಸಹೋದ್ಯೋಗಿಗಳೂ ಪಟ್ಟು ಹಿಡಿದುದರ ಫಲವಾಗಿ 1978ರಲ್ಲಿ ಮೊದಲ ಶಿಬಿರ ನಡೆಯಿತು. 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ತನ್ನದಾಗಿಸಿಕೊಂಡಿತು. ಎಟಿಎಲ್‌ಎಸ್ (ಅಡ್ವಾನ್ಸ್ಡ್ ಟ್ರಾಮಾ ಲೈಫ್ ಸಪೋರ್ಟ್) ಎಂಬ ಹೆಸರಿನ ಆ ತರಬೇತಿಯ ಕ್ರಮ ಸರಳವಾದುದು: ಮೊದಲು ಶ್ವಾಸಮಾರ್ಗ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ, ಆಮೇಲೆ ಪ್ರಜ್ಞೆ, ಕೊನೆಗೆ ಬಟ್ಟೆ ತೆಗೆದು ಇಡೀ ಮೈಯ ಪರೀಕ್ಷೆ. ಬೇಗ ಕೊಲ್ಲುವುದನ್ನು ಮೊದಲು ಸರಿಪಡಿಸಬೇಕು ಎಂಬುದೇ ಇದರ ತಿರುಳು.

ಎದೆ ಎಲ್ಲಿ ಮುಗಿಯುತ್ತದೆ, ಹೊಟ್ಟೆ ಎಲ್ಲಿ ಶುರುವಾಗುತ್ತದೆ

ನಮ್ಮಲ್ಲಿ ಬಹುತೇಕರು ಹೊಟ್ಟೆಯೆಂದರೆ ಹೊಕ್ಕುಳ ಸುತ್ತಲಿನ ಮೆತ್ತನೆಯ ಜಾಗವೆಂದು ತಿಳಿದಿರುತ್ತೇವೆ. ವಾಸ್ತವದಲ್ಲಿ ಉಸಿರನ್ನು ಪೂರ್ತಿ ಹೊರಬಿಟ್ಟಾಗ ವಪೆಯು ಗಂಡಸರ ಮೊಲೆತೊಟ್ಟಿನ ಮಟ್ಟದವರೆಗೂ ಏರುತ್ತದೆ. ಯಕೃತ್ತು, ಗುಲ್ಮ ಮತ್ತು ಜಠರದ ಮೇಲ್ಭಾಗ ಪಕ್ಕೆಲುಬುಗಳ ಗೂಡಿನೊಳಗೇ ಇವೆ. ಹಾಗಾಗಿ ಮೊಲೆತೊಟ್ಟಿನಿಂದ ಕೆಳಗೆ ಎದೆಗೆ ಚಾಕು ಇರಿದಿದ್ದರೆ ಅದು ಎದೆಯ ಗಾಯವೂ ಹೌದು, ಇಲ್ಲವೆಂದು ಸಾಬೀತಾಗುವ ತನಕ ಹೊಟ್ಟೆಯ ಗಾಯವೂ ಹೌದು. ಎಡಗಡೆಯ ಕೆಳ ಪಕ್ಕೆಲುಬು ಮುರಿದಿದ್ದರೆ ಗುಲ್ಮವನ್ನು, ಬಲಗಡೆಯದು ಮುರಿದಿದ್ದರೆ ಯಕೃತ್ತನ್ನು ಶಂಕಿಸಲೇಬೇಕು. ಮೂತ್ರಪಿಂಡ, ಮೇದೋಜೀರಕ ಗ್ರಂಥಿ ಮತ್ತು ದೊಡ್ಡ ರಕ್ತನಾಳಗಳು ಇನ್ನೂ ಹಿಂದೆ, ಬೆನ್ನಿನ ಕಡೆಗೆ ಇರುವುದರಿಂದ ಅಲ್ಲಿ ರಕ್ತ ಸೋರಿದರೆ ಮುಂದಿನಿಂದ ಹೊಟ್ಟೆಯನ್ನು ಎಷ್ಟು ಒತ್ತಿ ನೋಡಿದರೂ ಸುಳಿವು ಸಿಗದಿರಬಹುದು.

ಪೆಟ್ಟು ಹೇಗೆ ಬಿತ್ತೆಂಬುದನ್ನು ವೈದ್ಯರು ಇಷ್ಟೊಂದು ಕೆದಕಿ ಕೇಳುವುದು ಇದಕ್ಕಾಗಿಯೇ. ಅಡಿಕೆ ಮರದಿಂದ ಬಿದ್ದವರಲ್ಲಿ, ಟ್ರ್ಯಾಕ್ಟರ್ ಮಗುಚಿ ಅಡಿಯಲ್ಲಿ ಸಿಕ್ಕಿದವರಲ್ಲಿ, ಹೋರಿ ತಿವಿದವರಲ್ಲಿ, ಸೀಟ್ ಬೆಲ್ಟ್ ಹಾಕದೆ ಸ್ಟೀರಿಂಗಿಗೆ ಎದೆ ಬಡಿಸಿಕೊಂಡವರಲ್ಲಿ ಹಾನಿಯ ಬಗೆ ಬೇರೆ ಬೇರೆ. ಹೋರಿಯ ಕೊಂಬಿನ ಗಾಯ ಹೊರಗೆ ಒಂದು ಸಣ್ಣ ತೂತಿನಂತೆ ಕಂಡರೂ ಪ್ರಾಣಿಯು ತಲೆ ಕೊಡಹುವಾಗ ಕೊಂಬು ಒಳಗೆ ಹಲವು ದಿಕ್ಕಿಗೆ ತಿರುಗಿರುತ್ತದೆ. ಆದ್ದರಿಂದ ಅದಕ್ಕೆ ನಾಲ್ಕು ಹೊಲಿಗೆ ಹಾಕಿ ಮನೆಗೆ ಕಳಿಸುವುದು ಅಪಾಯಕಾರಿ. ಸೀಟ್ ಬೆಲ್ಟನ್ನು ಸೊಂಟದ ಮೂಳೆಗಿಂತ ಮೇಲೆ ಕಟ್ಟಿಕೊಂಡಿದ್ದವರ ಹೊಟ್ಟೆಯ ಮೇಲೆ ಅಡ್ಡವಾಗಿ ನೀಲಿ ಪಟ್ಟಿ ಮೂಡಿದ್ದರೆ ಒಳಗೆ ಕರುಳು ಹರಿದಿರುವ ಅಥವಾ ಬೆನ್ನುಮೂಳೆ ಮುರಿದಿರುವ ಸಾಧ್ಯತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಬೆಲ್ಟ್ ಜೀವ ಉಳಿಸಿದೆ ಎಂಬುದರಲ್ಲಿ ಸಂಶಯವಿಲ್ಲ, ಅದು ಬಿಟ್ಟ ಗುರುತನ್ನು ಓದುವ ಕೆಲಸ ಮಾತ್ರ ಉಳಿದಿರುತ್ತದೆ.

ನಿಮಿಷಗಳಲ್ಲಿ ಕೊಲ್ಲುವ ಎದೆಯ ಗಾಯಗಳು

ಎದೆಯ ಪೆಟ್ಟು ಎಂದೊಡನೆ ದೊಡ್ಡ ಶಸ್ತ್ರಚಿಕಿತ್ಸೆ ಕಣ್ಣ ಮುಂದೆ ಬರುತ್ತದೆ. ಆದರೆ ಮೊಂಡು ಪೆಟ್ಟಿನಿಂದಾದ ಎದೆಯ ಗಾಯಗಳಲ್ಲಿ ಶೇಕಡ 10ಕ್ಕಿಂತ ಕಡಿಮೆ ಜನರಿಗೆ, ಇರಿತ ಅಥವಾ ಗುಂಡಿನಿಂದಾದ ಗಾಯಗಳಲ್ಲಿ ಶೇಕಡ 15ರಿಂದ 30ರಷ್ಟು ಜನರಿಗೆ ಮಾತ್ರ ಎದೆ ತೆರೆಯುವ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಉಳಿದವರನ್ನು ಒಂದು ಸೂಜಿ, ಒಂದು ಕೊಳವೆ, ಆಮ್ಲಜನಕ ಮತ್ತು ಸರಿಯಾದ ನೋವುಶಮನದಿಂದ ಉಳಿಸಬಹುದು. ಅಂದರೆ ತಾಲ್ಲೂಕು ಆಸ್ಪತ್ರೆಯಲ್ಲೂ ಮಾಡಬಹುದಾದ ಕೆಲಸಗಳೇ ಹೆಚ್ಚಿನ ಜೀವಗಳನ್ನು ಉಳಿಸುತ್ತವೆ. ಈ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಅವುಗಳಲ್ಲಿ ಅತ್ಯಂತ ತುರ್ತಿನದು ಒತ್ತಡದ ನ್ಯೂಮೋಥೊರಾಕ್ಸ್. ಶ್ವಾಸಕೋಶವನ್ನೂ ಎದೆಗೋಡೆಯ ಒಳಮೈಯನ್ನೂ ಎರಡು ತೆಳುಪೊರೆಗಳು ಆವರಿಸಿದ್ದು, ಅವುಗಳ ನಡುವೆ ಗಾಳಿ ಇರಬಾರದು. ಮುರಿದ ಪಕ್ಕೆಲುಬು ಶ್ವಾಸಕೋಶವನ್ನು ಚುಚ್ಚಿದಾಗ ಗಾಳಿ ಅಲ್ಲಿಗೆ ಸೋರುತ್ತದೆ. ಕೆಲವೊಮ್ಮೆ ಹರಿದ ಅಂಚು ಸೈಕಲ್ ಟ್ಯೂಬಿನ ವಾಲ್ವಿನಂತೆ ವರ್ತಿಸಿ, ಪ್ರತಿ ಉಸಿರಿನಲ್ಲೂ ಗಾಳಿಯನ್ನು ಒಳಗೆ ಬಿಡುತ್ತದೆಯೇ ಹೊರತು ಹೊರಗೆ ಬಿಡುವುದಿಲ್ಲ. ಒತ್ತಡ ಏರುತ್ತ ಹೋದಂತೆ ಆ ಬದಿಯ ಶ್ವಾಸಕೋಶ ಮುದುಡುತ್ತದೆ, ಹೃದಯ ಎದುರು ಬದಿಗೆ ತಳ್ಳಲ್ಪಡುತ್ತದೆ, ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಗಳು ಒತ್ತಿಹೋಗಿ ರಕ್ತದೊತ್ತಡ ಕುಸಿಯುತ್ತದೆ. ರೋಗಿ ಏದುಸಿರು ಬಿಡುತ್ತ ಚಡಪಡಿಸುತ್ತಾನೆ. ಆ ಬದಿಯಲ್ಲಿ ಸ್ಟೆತಸ್ಕೋಪ್ ಇಟ್ಟರೆ ಉಸಿರಿನ ಸದ್ದು ಕೇಳಿಸುವುದಿಲ್ಲ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ, ಕೊರಳಿನ ಅಭಿಧಮನಿಗಳು ಉಬ್ಬಿರುತ್ತವೆ. ಆದರೆ ಬೇರೆಡೆ ಸಾಕಷ್ಟು ರಕ್ತ ಹೋಗಿದ್ದರೆ ಅವು ಉಬ್ಬದೆಯೂ ಇರಬಹುದು. ಶ್ವಾಸನಾಳ ಪಕ್ಕಕ್ಕೆ ಸರಿಯುವುದು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾದರೂ ಅದು ತಡವಾಗಿ ಕಾಣುವ ಲಕ್ಷಣ. ಇಂಥ ರೋಗಿಯನ್ನು ಎಕ್ಸ್-ರೇ ಕೋಣೆಗೆ ಕಳಿಸಬಾರದು. ಈ ಸ್ಥಿತಿಯ ಎಕ್ಸ್-ರೇ ಚಿತ್ರ ಇರುವುದೇ ತಪ್ಪು ಎಂಬ ಮಾತು ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಹಳೆಯದು. ದಪ್ಪ ಸೂಜಿ ಚುಚ್ಚಿ ಗಾಳಿಯನ್ನು ಹೊರಬಿಡಬೇಕು. ಹಿಂದೆ ಕೊರಳೆಲುಬಿನ ನಡುವಿನ ನೇರಕ್ಕೆ ಎರಡನೇ ಪಕ್ಕೆಲುಬಿನ ಕೆಳಗೆ ಚುಚ್ಚುತ್ತಿದ್ದರು. ವಯಸ್ಕರ ಎದೆಯ ಮುಂಭಾಗದ ಮಾಂಸ ದಪ್ಪವಾಗಿದ್ದು, ಸಾಮಾನ್ಯ ಉದ್ದದ ಸೂಜಿ ಅನೇಕರಲ್ಲಿ ಒಳಮುಟ್ಟುವುದೇ ಇಲ್ಲವೆಂದು ತಿಳಿದುಬಂದ ಮೇಲೆ, 2018ರ ಎಟಿಎಲ್‌ಎಸ್ ಆವೃತ್ತಿಯು ಕಂಕುಳಿನ ಕೆಳಗೆ, ನಾಲ್ಕನೇ ಅಥವಾ ಐದನೇ ಪಕ್ಕೆಲುಬುಗಳ ಸಂದನ್ನು ಸೂಚಿಸಿತು. ಮಕ್ಕಳಲ್ಲಿ ಹಳೆಯ ಜಾಗವೇ ಮುಂದುವರಿದಿದೆ.

ಸೂಜಿ ಸಮಯವನ್ನಷ್ಟೇ ಕೊಡುತ್ತದೆ, ಮುಂದಿನ ಕೆಲಸ ಕೊಳವೆಯದು. ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಐಸಿಡಿ ಹಾಕುವುದು ಎನ್ನುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೆಳಗಿನ ಪಕ್ಕೆಲುಬಿನ ಮೇಲಂಚಿನಲ್ಲಿ ಚರ್ಮ ಸೀಳಿ (ಪ್ರತಿ ಪಕ್ಕೆಲುಬಿನ ಕೆಳಂಚಿನಲ್ಲಿ ರಕ್ತನಾಳ ಮತ್ತು ನರ ಇರುವುದರಿಂದ ಈ ಎಚ್ಚರ), ಸ್ನಾಯುವನ್ನು ಬಿಡಿಸಿಕೊಂಡು ಹೋಗಿ, ಕೊಳವೆಗೆ ಮೊದಲು ಬೆರಳನ್ನೇ ಒಳಗೆ ಹಾಕಿ ಸುತ್ತಾಡಿಸುತ್ತಾರೆ. ವಪೆ ಹರಿದು ಜಠರವೋ ಕರುಳೋ ಎದೆಯೊಳಗೆ ಏರಿದ್ದರೆ ಅದು ಬೆರಳಿಗೆ ಸಿಗುತ್ತದೆ; ಮೊನಚು ಉಪಕರಣಕ್ಕೆ ಈ ವಿವೇಕವಿಲ್ಲ. ಕೊಳವೆಯ ಹೊರತುದಿಯನ್ನು ನೀರಿನೊಳಗೆ ಮುಳುಗಿಸಿದ ಬಾಟಲಿಗೆ ಜೋಡಿಸಿದಾಗ ಗಾಳಿ ಗುಳ್ಳೆಗಳಾಗಿ ಹೊರಬರುತ್ತದೆ. ಕೊಳವೆಯಲ್ಲಿನ ನೀರು ರೋಗಿಯ ಉಸಿರಿನೊಂದಿಗೆ ಏರಿಳಿಯುತ್ತಿದ್ದರೆ ದಾರಿ ತೆರೆದಿದೆ ಎಂದರ್ಥ. ಅದು ಅಲ್ಲಾಡದೆ ನಿಂತಿದ್ದರೆ ಶ್ವಾಸಕೋಶ ಪೂರ್ತಿ ಹಿಗ್ಗಿರಬೇಕು, ಇಲ್ಲವೇ ಕೊಳವೆ ಕಟ್ಟಿಕೊಂಡಿರಬೇಕು ಅಥವಾ ಮಡಚಿರಬೇಕು. ಆಂಬುಲೆನ್ಸಿನಲ್ಲಿ ಜೊತೆಗೆ ಹೋಗುವವರು ನೆನಪಿಡಬೇಕಾದ ಎರಡು ಸಂಗತಿಗಳಿವೆ: ಬಾಟಲಿ ಯಾವಾಗಲೂ ಎದೆಯ ಮಟ್ಟಕ್ಕಿಂತ ಕೆಳಗಿರಬೇಕು, ಗಾಳಿ ಬರುತ್ತಿರುವ ಕೊಳವೆಗೆ ಕ್ಲಾಂಪ್ ಹಾಕಬಾರದು. ಬಾಟಲಿ ಉರುಳೀತೆಂಬ ಭಯದಿಂದ ಕ್ಲಾಂಪ್ ಹಾಕಿದರೆ ದಾರಿಯಲ್ಲೇ ಒತ್ತಡ ಮತ್ತೆ ಕಟ್ಟಿಕೊಳ್ಳುತ್ತದೆ.

ಅದೇ ಬಾಟಲಿ ರಕ್ತದ ಲೆಕ್ಕವನ್ನೂ ಹೇಳುತ್ತದೆ. ಎದೆಯ ಒಂದೊಂದು ಬದಿಯೂ ಮನುಷ್ಯನ ಅರ್ಧದಷ್ಟು ರಕ್ತವನ್ನು ಸದ್ದಿಲ್ಲದೆ ಹಿಡಿದಿಟ್ಟುಕೊಳ್ಳಬಲ್ಲದು. ಕೊಳವೆ ಹಾಕಿದೊಡನೆ 1500 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಬಂದರೆ, ಅಥವಾ ಎರಡರಿಂದ ನಾಲ್ಕು ಗಂಟೆಗಳ ಕಾಲ ಗಂಟೆಗೆ 200 ಮಿಲಿಲೀಟರ್‌ನಂತೆ ಬರುತ್ತಲೇ ಇದ್ದರೆ, ಎದೆ ತೆರೆಯುವ ನಿರ್ಧಾರದ ಹತ್ತಿರ ಬಂದಂತೆ. ಅಂಕಿಗಳು ದಾರಿ ತೋರಿಸುತ್ತವೆ, ಆದರೆ ರೋಗಿಯ ನಾಡಿ ಮತ್ತು ಒತ್ತಡವೇ ಕೊನೆಯ ತೀರ್ಪು ಕೊಡುತ್ತವೆ.

ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು ಇನ್ನೊಂದು ಬಗೆ. ಎದೆಯ ನಡುಮೂಳೆಯ ಆಸುಪಾಸಿನಲ್ಲಿ ಚಾಕು ಇರಿದವರಲ್ಲಿ ಇದನ್ನು ಮೊದಲು ಶಂಕಿಸಬೇಕು. ಆ ಚೀಲ ಥಟ್ಟನೆ ಹಿಗ್ಗದು. ಆದ್ದರಿಂದ ಸ್ವಲ್ಪವೇ ರಕ್ತ ತುಂಬಿದರೂ ಹೃದಯ ಅರಳಲಾಗದೆ ಒದ್ದಾಡುತ್ತದೆ. ರಕ್ತದೊತ್ತಡ ಕುಸಿಯುವುದು, ಕೊರಳಿನ ಅಭಿಧಮನಿ ಉಬ್ಬುವುದು, ಹೃದಯದ ಸದ್ದು ಮಸುಕಾಗುವುದು ಎಂಬ ಮೂರು ಲಕ್ಷಣಗಳನ್ನು ಅಮೆರಿಕದ ಶಸ್ತ್ರಚಿಕಿತ್ಸಕ ಕ್ಲಾಡ್ ಬೆಕ್ 1935ರಲ್ಲಿ ಗುರುತಿಸಿದರು. ಗದ್ದಲದ ಕ್ಯಾಶುವಾಲ್ಟಿಯಲ್ಲಿ ಮೂರನೆಯದು ಕಿವಿಗೆ ಸಿಗುವುದು ಅಪರೂಪ. ಇಂದು ಅಲ್ಟ್ರಾಸೌಂಡ್ ಆ ಕೆಲಸವನ್ನು ಅರ್ಧ ನಿಮಿಷದಲ್ಲಿ ಮಾಡುತ್ತದೆ. ಸೂಜಿಯಿಂದ ಸ್ವಲ್ಪ ರಕ್ತ ತೆಗೆಯುವುದು ತಾತ್ಕಾಲಿಕ ಉಪಾಯ, ನಿಜವಾದ ಚಿಕಿತ್ಸೆ ಶಸ್ತ್ರಚಿಕಿತ್ಸೆಯೇ.

ವೇಗವಾಗಿ ಹೋಗುತ್ತಿದ್ದ ವಾಹನ ಹಠಾತ್ತನೆ ನಿಂತಾಗ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಹರಿಯುವುದುಂಟು. ಹಾಗಾದವರಲ್ಲಿ ಹೆಚ್ಚಿನವರು ಸ್ಥಳದಲ್ಲೇ ಸಾಯುತ್ತಾರೆ. ಆಸ್ಪತ್ರೆ ತಲುಪಿದವರಲ್ಲಿ ಹೃದಯದ ಬಡಿತವನ್ನೂ ಒತ್ತಡವನ್ನೂ ಔಷಧಿಯಿಂದ ತಗ್ಗಿಸಿ ರಕ್ತನಾಳದೊಳಗಿಂದಲೇ ಸ್ಟೆಂಟ್ ಹಾಕುವುದು ಸಾಧ್ಯವಾಗಿದೆ.

ಪಕ್ಕೆಲುಬು ಮುರಿತವನ್ನು ಹಗುರವಾಗಿ ಕಾಣುವ ರೂಢಿ ನಮ್ಮಲ್ಲಿದೆ. ಎದೆಗೆ ಸುತ್ತಲೂ ಬಿಗಿಯಾಗಿ ಬಟ್ಟೆ ಕಟ್ಟುವುದು, ಎಣ್ಣೆ ತಿಕ್ಕಿಸುವುದು ಇನ್ನೂ ನಡೆದಿದೆ. ಹಿಂದೆ ಆಸ್ಪತ್ರೆಗಳಲ್ಲೂ ಪ್ಲಾಸ್ಟರ್ ಅಂಟಿಸಿ ಎದೆ ಬಿಗಿಯುತ್ತಿದ್ದರು. ಈಗ ಅದನ್ನು ಕೈಬಿಡಲಾಗಿದೆ. ಬಿಗಿದ ಎದೆ ಆಳವಾಗಿ ಉಸಿರೆಳೆಯದು, ನೋವಿನಿಂದ ರೋಗಿ ಕೆಮ್ಮುವುದೂ ಇಲ್ಲ. ಕಫ ಒಳಗೇ ಕೂತು ನ್ಯುಮೋನಿಯಾ ಆಗುತ್ತದೆ. 65 ದಾಟಿದವರಲ್ಲಿ ಮುರಿದ ಪ್ರತಿಯೊಂದು ಹೆಚ್ಚುವರಿ ಪಕ್ಕೆಲುಬೂ ಸಾವಿನ ಮತ್ತು ನ್ಯುಮೋನಿಯಾದ ಸಂಭವವನ್ನು ಏರಿಸುತ್ತದೆ. ಆದ್ದರಿಂದ ಮೆಟ್ಟಿಲಿನಿಂದ ಜಾರಿ ಮೂರ್ನಾಲ್ಕು ಪಕ್ಕೆಲುಬು ಮುರಿದುಕೊಂಡ ಅಜ್ಜಿಯನ್ನು, ಮಾತಾಡುತ್ತಿದ್ದಾರೆ ಎಂಬ ಕಾರಣಕ್ಕೆ ಮಾತ್ರೆ ಕೊಟ್ಟು ಮನೆಗೆ ಕಳಿಸುವುದು ಸರಿಯಲ್ಲ. ಅವರಿಗೆ ಬೇಕಾದುದು ಧಾರಾಳವಾದ ನೋವುಶಮನ, ಬೇಕಿದ್ದರೆ ನರದ ಬಳಿ ಮರಗಟ್ಟಿಸುವ ಇಂಜೆಕ್ಷನ್, ಗಂಟೆಗಂಟೆಗೂ ಆಳವಾದ ಉಸಿರಾಟದ ಅಭ್ಯಾಸ. ಅಕ್ಕಪಕ್ಕದ ಎರಡು ಅಥವಾ ಹೆಚ್ಚು ಪಕ್ಕೆಲುಬುಗಳು ತಲಾ ಎರಡು ಕಡೆ ಮುರಿದಾಗ ಎದೆಗೋಡೆಯ ಆ ತುಂಡು ಉಸಿರೆಳೆದಾಗ ಒಳಕ್ಕೂ ಬಿಟ್ಟಾಗ ಹೊರಕ್ಕೂ ತಿರುವುಮುರುವಾಗಿ ಚಲಿಸುತ್ತದೆ. ಅಲ್ಲಿ ನಿಜವಾದ ಅಪಾಯ ಮೂಳೆಯದಲ್ಲ, ಅದರಡಿ ಜಜ್ಜಿಹೋದ ಶ್ವಾಸಕೋಶದ್ದು. ಆ ಜಜ್ಜುಗಾಯ ಮೊದಲ ದಿನಕ್ಕಿಂತ ಎರಡನೇ ದಿನ ಹೆಚ್ಚು ತೊಂದರೆ ಕೊಡುವುದುಂಟು. ಮಕ್ಕಳ ಕಥೆ ಇದಕ್ಕೆ ವಿರುದ್ಧ: ಅವರ ಪಕ್ಕೆಲುಬು ಬಾಗುತ್ತದೆ, ಮುರಿಯುವುದಿಲ್ಲ, ಒಂದೂ ಮೂಳೆ ಮುರಿಯದೆ ಶ್ವಾಸಕೋಶಕ್ಕೆ ತೀವ್ರ ಹಾನಿಯಾಗಿರಬಹುದು.

ಹೊಟ್ಟೆಯೊಳಗಿನ ಎರಡು ಅಪಾಯಗಳು

ಹೊಟ್ಟೆಗೆ ಪೆಟ್ಟು ಬಿದ್ದಾಗ ಒಳಗೆ ರಕ್ತ ಸೋರಬಹುದು, ಇಲ್ಲವೇ ಕರುಳಿನ ಕೊಳಕು ಸೋರಬಹುದು. ಈ ಎರಡರ ಗಡಿಯಾರವೂ ಬೇರೆ ಬೇರೆ. ಗುಲ್ಮ ಮತ್ತು ಯಕೃತ್ತುಗಳಂಥ ಗಟ್ಟಿ ಅಂಗಗಳಿಂದ ಬರುವ ರಕ್ತಸ್ರಾವ ನಿಮಿಷ, ಗಂಟೆಗಳಲ್ಲಿ ಕೊಲ್ಲುತ್ತದೆ. ಕರುಳು ತೂತಾದರೆ ಮೊದಲ ಕೆಲವು ಗಂಟೆ ಹೊಟ್ಟೆ ಮೆತ್ತಗೆಯೇ ಇರಬಹುದು. ಅರ್ಧ ದಿನವೋ ಒಂದು ದಿನವೋ ಕಳೆಯುವಷ್ಟರಲ್ಲಿ ಹೊಟ್ಟೆ ಹಲಗೆ ಕಟ್ಟುತ್ತದೆ, ಜ್ವರ ಬರುತ್ತದೆ, ನಾಡಿ ಏರುತ್ತದೆ. ಮೇದೋಜೀರಕ ಗ್ರಂಥಿಯ ಗಾಯ ಇನ್ನೂ ಮೋಸಗಾರ: ಸೈಕಲ್ ಹ್ಯಾಂಡಲ್ ತಗುಲಿದ ಮಗುವಿನಲ್ಲಿ ಮೊದಲ ದಿನದ ರಕ್ತಪರೀಕ್ಷೆ ಸರಿಯಾಗಿಯೇ ಇರಬಹುದು. ಅದಕ್ಕಾಗಿಯೇ ಒಬ್ಬರೇ ವೈದ್ಯರು ಅದೇ ಹೊಟ್ಟೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವ ಪದ್ಧತಿಯಿದೆ. ಒಂದು ಸಲದ ಪರೀಕ್ಷೆ ಹೇಳದ್ದನ್ನು ನಾಲ್ಕು ಗಂಟೆಗಳ ಬದಲಾವಣೆ ಹೇಳುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟರೆ ರೋಗ ಮುಚ್ಚಿಹೋಗುತ್ತದೆ ಎಂಬ ಹಳೆಯ ನಂಬಿಕೆಯಿಂದ ರೋಗಿಯನ್ನು ನರಳಲು ಬಿಡುವುದು ಮಾತ್ರ ಅಗತ್ಯವಿಲ್ಲ. ಹದವಾದ ನೋವುಶಮನದಿಂದ ಪರೀಕ್ಷೆಗೆ ಅಡ್ಡಿಯಾಗುವುದಿಲ್ಲ.

ಎಲ್ಲರನ್ನೂ ದಾರಿ ತಪ್ಪಿಸುವ ಅಂಕಿಯೆಂದರೆ ಬಿ.ಪಿ. ಸುಮಾರು 70 ಕಿಲೋ ತೂಕದ ವಯಸ್ಕರ ಮೈಯಲ್ಲಿ ಹತ್ತಿರಹತ್ತಿರ 5 ಲೀಟರ್ ರಕ್ತವಿರುತ್ತದೆ. ಅದರಲ್ಲಿ ಶೇಕಡ 30ರವರೆಗೆ, ಅಂದರೆ ಒಂದೂವರೆ ಲೀಟರ್ ಹೋಗುವ ತನಕ, ಆರೋಗ್ಯವಂತ ಯುವಕನ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿದು ಮೇಲಿನ ಒತ್ತಡವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಬಿ.ಪಿ. ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೂ ಮುನ್ನ ಮಾತಾಡುವ ಲಕ್ಷಣಗಳನ್ನು ಹುಡುಕಬೇಕು: ವೇಗದ ನಾಡಿ, ತಣ್ಣಗೆ ಬೆವರಿದ ಅಂಗೈ, ಮೇಲಿನ ಮತ್ತು ಕೆಳಗಿನ ಒತ್ತಡಗಳ ನಡುವಿನ ಅಂತರ ಕಿರಿದಾಗುವುದು, ಕಾರಣವಿಲ್ಲದ ಚಡಪಡಿಕೆ, ಬಾಯಾರಿಕೆ. ನಾಡಿಯ ಸಂಖ್ಯೆಯನ್ನು ಮೇಲಿನ ಬಿ.ಪಿ.ಯಿಂದ ಭಾಗಿಸುವುದು ಒಳ್ಳೆಯ ಅಭ್ಯಾಸ. ಆರಂಭದಲ್ಲಿ ಹೇಳಿದ ಹುಡುಗನ ನಾಡಿ 120 ಇದ್ದು ಬಿ.ಪಿ. 110 ಇದ್ದರೆ ಉತ್ತರ ಒಂದನ್ನು ಮೀರುತ್ತದೆ. ಸಹಜವಾಗಿ ಅದು 0.5ರಿಂದ 0.7ರ ನಡುವೆ ಇರಬೇಕು. ಬಿ.ಪಿ.ಗೆ ಬೀಟಾ-ಬ್ಲಾಕರ್ ಮಾತ್ರೆ ನುಂಗುವ ಹಿರಿಯರಲ್ಲಿ ನಾಡಿ ಏರುವುದೇ ಇಲ್ಲ, ಗರ್ಭಿಣಿಯರಲ್ಲಿ ಮೈರಕ್ತದ ಪ್ರಮಾಣವೇ ಹೆಚ್ಚಿರುವುದರಿಂದ ಲಕ್ಷಣಗಳು ತಡವಾಗಿ ಕಾಣುತ್ತವೆ. ಗರ್ಭಿಣಿಯನ್ನು ಅಂಗಾತ ಮಲಗಿಸಿದರೆ ತುಂಬಿದ ಗರ್ಭಕೋಶ ಹಿಂದಿನ ಅಭಿಧಮನಿಯನ್ನು ಒತ್ತುವುದರಿಂದ ಎಡಕ್ಕೆ ವಾಲಿಸಬೇಕು ಎಂಬುದನ್ನೂ ಇಲ್ಲಿಯೇ ಹೇಳಬೇಕು.

ರಕ್ತ ಎಲ್ಲಿ ಅಡಗಿದೆ ಎಂದು ನೋಡಲು ಸ್ಟ್ರೆಚರಿನ ಬಳಿಯೇ ಮಾಡುವ ಅಲ್ಟ್ರಾಸೌಂಡಿಗೆ ಫಾಸ್ಟ್ ಎಂದು ಹೆಸರು. ಹೃದಯದ ಸುತ್ತ, ಯಕೃತ್ತು ಮತ್ತು ಬಲ ಮೂತ್ರಪಿಂಡದ ನಡುವೆ, ಗುಲ್ಮ ಮತ್ತು ಎಡ ಮೂತ್ರಪಿಂಡದ ನಡುವೆ, ಕಿಬ್ಬೊಟ್ಟೆಯಲ್ಲಿ ಹೀಗೆ ನಾಲ್ಕು ಜಾಗಗಳಲ್ಲಿ ಕಪ್ಪು ಪಟ್ಟಿಯಂತೆ ದ್ರವ ಕಾಣುತ್ತದೆಯೇ ಎಂದು ಕೆಲವೇ ನಿಮಿಷಗಳಲ್ಲಿ ನೋಡಿಬಿಡಬಹುದು. ಈಗ ಎದೆಯ ಎರಡು ಬದಿಗಳನ್ನೂ ಸೇರಿಸಿಕೊಳ್ಳುತ್ತಾರೆ. ಇದರ ಮಿತಿಯನ್ನು ಅರಿಯದೆ ಬಳಸಿದರೆ ಅಪಾಯ. ಸುಮಾರು 200 ಮಿಲಿಲೀಟರ್‌ಗಿಂತ ಕಡಿಮೆ ರಕ್ತ ಇದಕ್ಕೆ ಕಾಣದು, ಕರುಳಿನ ತೂತು ಕಾಣದು, ಬೆನ್ನಿನ ಕಡೆಯ ರಕ್ತಸ್ರಾವ ಕಾಣದು. ಸ್ಕ್ಯಾನಿಂಗ್ ನಾರ್ಮಲ್ ಬಂದಿದೆ ಎಂದು ಸಮಾಧಾನಪಟ್ಟುಕೊಳ್ಳುವ ಮನೆಯವರಿಗೆ, ಅದು ಆ ಕ್ಷಣದ ಉತ್ತರ ಮಾತ್ರ ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಹೆಚ್ಚು ವಿವರ ಕೊಡುತ್ತದೆ. ಕುಸಿಯುತ್ತಿರುವವರನ್ನು ಸಿ.ಟಿ. ಯಂತ್ರದೊಳಗೆ ತಳ್ಳಬಾರದು, ಫಾಸ್ಟ್‌ನಲ್ಲಿ ರಕ್ತ ಕಂಡು ಬಿ.ಪಿ. ಬೀಳುತ್ತಿದ್ದರೆ ನೇರವಾಗಿ ಆಪರೇಷನ್ ಥಿಯೇಟರಿಗೆ ಒಯ್ಯಬೇಕು.

ಸಲೈನ್ ರಕ್ತವಲ್ಲ

ಆಸ್ಪತ್ರೆಗೆ ಬಂದೊಡನೆ ಬಾಟಲಿಗಟ್ಟಲೆ ಡ್ರಿಪ್ ಏರಿಸಿದರೆ ಚೆನ್ನಾಗಿ ನೋಡಿಕೊಂಡರು ಎಂಬ ತೃಪ್ತಿ ನಮಗಾಗುತ್ತದೆ. ರಕ್ತ ಸೋರುತ್ತಿರುವ ಮೈಗೆ ಅತಿಯಾದ ಸಲೈನ್ ಕೊಡುವುದು ಹಾನಿಕರವೆಂದು ಕಳೆದ ಮೂರು ದಶಕಗಳಲ್ಲಿ ಸ್ಪಷ್ಟವಾಗಿದೆ. 1994ರಲ್ಲಿ ಹ್ಯೂಸ್ಟನ್ ನಗರದಿಂದ ಪ್ರಕಟವಾದ ಅಧ್ಯಯನದಲ್ಲಿ, ಮುಂಡಭಾಗಕ್ಕೆ ಇರಿತ ಅಥವಾ ಗುಂಡಿನ ಗಾಯವಾಗಿ ಬಿ.ಪಿ. ಬಿದ್ದವರಲ್ಲಿ ಶಸ್ತ್ರಚಿಕಿತ್ಸೆಯ ತನಕ ದ್ರವ ಕೊಡದೆ ತಡೆದವರು ಹೆಚ್ಚು ಬದುಕಿದರು. ಸಲೈನ್ ಒತ್ತಡವನ್ನು ಏರಿಸಿ ಆಗತಾನೇ ಕಟ್ಟಿಕೊಂಡ ಹೆಪ್ಪನ್ನು ಕಿತ್ತುಹಾಕುತ್ತದೆ, ಹೆಪ್ಪುಗಟ್ಟಿಸುವ ಅಂಶಗಳನ್ನು ತೆಳುವಾಗಿಸುತ್ತದೆ, ಮೈಯನ್ನು ತಣ್ಣಗಾಗಿಸುತ್ತದೆ. ಮೈ ತಣ್ಣಗಾಗುವುದು, ರಕ್ತ ಆಮ್ಲೀಯವಾಗುವುದು, ರಕ್ತ ಹೆಪ್ಪುಗಟ್ಟದಿರುವುದು ಈ ಮೂರೂ ಒಂದನ್ನೊಂದು ಬೆಳೆಸುವ ವಿಷವರ್ತುಲ. ಹಾಗಾಗಿ ಈಗ ರಕ್ತಸ್ರಾವ ನಿಲ್ಲುವ ತನಕ ಮೇಲಿನ ಬಿ.ಪಿ.ಯನ್ನು 80ರಿಂದ 90ರ ಆಸುಪಾಸಿನಲ್ಲಿ ಇಟ್ಟುಕೊಂಡು, ಸಲೈನಿನ ಬದಲು ಆದಷ್ಟು ಬೇಗ ರಕ್ತ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್‌ಗಳನ್ನೇ ಸಮಪ್ರಮಾಣದಲ್ಲಿ ಕೊಡುತ್ತಾರೆ. ತಲೆಗೂ ಪೆಟ್ಟಾಗಿದ್ದರೆ ಈ ಲೆಕ್ಕ ಸಲ್ಲದು. ಮಿದುಳಿಗೆ ರಕ್ತ ತಲುಪಲು ಒತ್ತಡ 110ರ ಮೇಲೆಯೇ ಇರಬೇಕಾಗುತ್ತದೆ.

ಇದರ ಜೊತೆಗೆ, ಕಟ್ಟಿಕೊಂಡ ಹೆಪ್ಪು ಕರಗದಂತೆ ತಡೆಯುವ ಅಗ್ಗದ ಔಷಧಿಯೊಂದಿದೆ. ಟ್ರಾನೆಕ್ಸಾಮಿಕ್ ಆಮ್ಲವನ್ನು ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಕಂಡುಹಿಡಿದು 1962ರಲ್ಲಿ ಪ್ರಕಟಿಸಿದರು. ಅತಿಯಾದ ಮುಟ್ಟಿನ ರಕ್ತಸ್ರಾವಕ್ಕೆ ನಮ್ಮ ಮೆಡಿಕಲ್ ಸ್ಟೋರುಗಳಲ್ಲಿ ಸಿಗುವ ಮಾತ್ರೆಯೂ ಇದೇ. 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದಲ್ಲಿ, ಭಾರತದ ಆಸ್ಪತ್ರೆಗಳೂ ಭಾಗವಹಿಸಿದ್ದವು, ಈ ಔಷಧಿ ಪಡೆದವರಲ್ಲಿ ಸಾವು ಶೇಕಡ 16.0ರಿಂದ 14.5ಕ್ಕೆ ಇಳಿಯಿತು. ಮೊದಲು 10 ನಿಮಿಷಗಳಲ್ಲಿ 1 ಗ್ರಾಂ, ಆಮೇಲೆ 8 ಗಂಟೆಗಳಲ್ಲಿ ಇನ್ನೊಂದು ಗ್ರಾಂ ಕೊಡುತ್ತಾರೆ. ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಲಾಭ; ಅದಾದ ಮೇಲೆ ಕೊಟ್ಟರೆ ರಕ್ತಸ್ರಾವದ ಸಾವು ಹೆಚ್ಚುವ ಸೂಚನೆ ಅದೇ ಅಧ್ಯಯನದಲ್ಲಿ ಕಂಡಿತು. ಆದ್ದರಿಂದ ಅಪಘಾತ ಎಷ್ಟು ಗಂಟೆಗೆ ಆಯಿತೆಂಬುದನ್ನು ಜೊತೆಗಿದ್ದವರು ಸರಿಯಾಗಿ ಹೇಳುವುದು ಚಿಕಿತ್ಸೆಯ ಭಾಗವೇ ಆಗುತ್ತದೆ.

ಶಸ್ತ್ರಚಿಕಿತ್ಸೆಯೂ ಬದಲಾಗಿದೆ. ತೀರಾ ಬಳಲಿದ ರೋಗಿಯಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಸರಿಪಡಿಸಲು ಹೋಗದೆ, ರಕ್ತ ನಿಲ್ಲಿಸಿ, ಹರಿದ ಕರುಳಿನ ತುದಿಗಳನ್ನು ಮುಚ್ಚಿ, ಹೊಟ್ಟೆಗೆ ತಾತ್ಕಾಲಿಕ ಹೊದಿಕೆ ಹಾಕಿ ಐಸಿಯುಗೆ ಕಳಿಸಿ, ಮೈ ಬೆಚ್ಚಗಾದ ಮೇಲೆ ಒಂದೆರಡು ದಿನ ಬಿಟ್ಟು ಉಳಿದ ಕೆಲಸ ಮುಗಿಸುತ್ತಾರೆ. ಇನ್ನೊಂದು ಕಡೆ, ಸ್ಥಿರವಾಗಿರುವ ಗುಲ್ಮ ಮತ್ತು ಯಕೃತ್ತಿನ ಗಾಯಗಳಲ್ಲಿ ಬಹುಪಾಲು ಈಗ ಹೊಟ್ಟೆ ತೆರೆಯದೆಯೇ ವಾಸಿಯಾಗುತ್ತವೆ. ಆಪರೇಷನ್ ಮಾಡದೆ ಸುಮ್ಮನೆ ಮಲಗಿಸಿದ್ದಾರೆ ಎಂಬ ಬಂಧುಗಳ ದೂರಿಗೆ ಕಾರಣವಾಗುವ ಈ ಕಾಯುವಿಕೆ ನಿಜವಾಗಿ ಸುಮ್ಮನಿರುವುದಲ್ಲ. ಮತ್ತೆ ಮತ್ತೆ ನಾಡಿ, ಬಿ.ಪಿ., ಹಿಮೋಗ್ಲೋಬಿನ್ ನೋಡುತ್ತ, ಯಾವ ಹೊತ್ತಿನಲ್ಲೂ ಥಿಯೇಟರಿಗೆ ಒಯ್ಯಲು ಸಿದ್ಧರಾಗಿರುವ ಚಿಕಿತ್ಸೆ ಅದು. ಆ ಸಿದ್ಧತೆ ಇಲ್ಲದ ಆಸ್ಪತ್ರೆಯಲ್ಲಿ ಕಾಯಬಾರದು.

ಆಂಬುಲೆನ್ಸ್ ಬರುವ ತನಕ

108 ಅಥವಾ 112ಕ್ಕೆ ಕರೆ ಮಾಡಿದ ಮೇಲೆ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಹೆಚ್ಚು. ಮೈಯಲ್ಲಿ ನೆಟ್ಟ ಚಾಕು, ಕಬ್ಬಿಣದ ಸರಳು ಅಥವಾ ಕೊಂಬೆಯನ್ನು ಕೀಳಬಾರದು. ಅದೇ ರಕ್ತನಾಳವನ್ನು ಅದುಮಿ ಹಿಡಿದಿರಬಹುದು. ಅದು ಅಲ್ಲಾಡದಂತೆ ಸುತ್ತಲೂ ಬಟ್ಟೆ ಒತ್ತಿ ಇಡಬೇಕು. ಹೊರಬಂದ ಕರುಳನ್ನು ಒಳಗೆ ತಳ್ಳಬಾರದು, ಶುದ್ಧವಾದ ಒದ್ದೆ ಬಟ್ಟೆಯಿಂದ ಮುಚ್ಚಿ, ಮೊಣಕಾಲು ಮಡಿಸಿ ಮಲಗಿಸಿದರೆ ಹೊಟ್ಟೆಯ ಸೆಳೆತ ಕಡಿಮೆಯಾಗುತ್ತದೆ. ಗಾಯಾಳು ಎಷ್ಟೇ ನೀರು ಬೇಡಿದರೂ ಕುಡಿಸಬಾರದು. ಇದು ಮನಸ್ಸಿಗೆ ಕಷ್ಟದ ಮಾತು, ಏಕೆಂದರೆ ನೀರು ಕೊಡುವುದು ನಮ್ಮಲ್ಲಿ ಮೊದಲ ಉಪಚಾರ. ಆದರೆ ಅರಿವಳಿಕೆ ಕೊಡುವಾಗ ಜಠರದಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ತುಟಿ ಒದ್ದೆ ಮಾಡಬಹುದು. ಉಸಿರಿಗೆ ಕಷ್ಟಪಡುತ್ತಿರುವವರನ್ನು, ಬೆನ್ನು ಕುತ್ತಿಗೆಗೆ ಪೆಟ್ಟಾದ ಶಂಕೆಯಿಲ್ಲದಿದ್ದರೆ, ಬಲವಂತವಾಗಿ ಮಲಗಿಸದೆ ಅವರಿಗೆ ಹಿತವಾಗುವಂತೆ ಒರಗಿ ಕೂರಲು ಬಿಡಬೇಕು. ಚಾದರ ಹೊದಿಸಿ ಬೆಚ್ಚಗಿಡಬೇಕು.

ಗಾಳಿ ಒಳಗೆ ಸೆಳೆಯುತ್ತಿರುವ ಎದೆಯ ತೂತಿನ ವಿಷಯದಲ್ಲಿ ಸಲಹೆ ಬದಲಾಗಿದೆ. ಪ್ಲಾಸ್ಟಿಕ್ ಹಾಳೆ ಇಟ್ಟು ಮೂರು ಬದಿ ಅಂಟಿಸುವುದನ್ನು ದೀರ್ಘಕಾಲ ಕಲಿಸಲಾಗುತ್ತಿತ್ತು, ತರಬೇತಿ ಪಡೆದವರಿಗೆ ಈಗಲೂ ಅಂಥ ವಿಧಾನಗಳಿವೆ. ಜನಸಾಮಾನ್ಯರು ಗಾಯವನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗೆ ಒತ್ತಡ ಕಟ್ಟಿಕೊಳ್ಳಬಹುದು ಎಂಬ ಕಾರಣಕ್ಕೆ, 2015ರ ಅಂತಾರಾಷ್ಟ್ರೀಯ ಪ್ರಥಮ ಚಿಕಿತ್ಸೆಯ ಶಿಫಾರಸುಗಳು ಅದನ್ನು ತೆರೆದೇ ಬಿಡಿ ಎಂದವು. ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಒತ್ತಬಹುದು, ಆದರೆ ಅದು ನೆನೆದು ಮುಚ್ಚಳವಾಗದಂತೆ ನೋಡಿಕೊಳ್ಳಬೇಕು.

ಪೊಲೀಸು, ಕೋರ್ಟು ಎಂಬ ಭಯಕ್ಕೆ ಈಗ ಕಾನೂನಿನಲ್ಲಿ ಆಧಾರವಿಲ್ಲ. ಎಲ್ಲ ವೈದ್ಯರೂ ತುರ್ತು ಚಿಕಿತ್ಸೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ವಿಧಿ, ನೆರವಿಗೆ ಬಂದವರನ್ನು ಸಿವಿಲ್ ಮತ್ತು ಕ್ರಿಮಿನಲ್ ಹೊಣೆಯಿಂದ ರಕ್ಷಿಸುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಯೋಜನೆ 2025ರ ಮೇ ತಿಂಗಳಿನಿಂದ ಜಾರಿಯಲ್ಲಿದೆ.

ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಸಣ್ಣ ಆಸ್ಪತ್ರೆ ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ, ಆದರೆ ಬಿಡುವಂತೆಯೂ ಇಲ್ಲ: ಆಮ್ಲಜನಕ, ಎರಡು ದಪ್ಪ ಸೂಜಿಗಳ ಡ್ರಿಪ್ ದಾರಿ, ಬೇಕಿದ್ದರೆ ಐಸಿಡಿ, ಟ್ರಾನೆಕ್ಸಾಮಿಕ್ ಆಮ್ಲ, ಕೊಟ್ಟದ್ದರ ವೇಳೆ ಬರೆದ ಚೀಟಿ, ಮುಂದಿನ ಆಸ್ಪತ್ರೆಗೆ ಒಂದು ಫೋನ್ ಕರೆ. ಸಿ.ಟಿ. ಸ್ಕ್ಯಾನಿಗಾಗಿ ಕಾಯುತ್ತ ಗಂಟೆ ಕಳೆಯುವುದಕ್ಕಿಂತ ಇಷ್ಟು ಮಾಡಿ ಕಳಿಸುವುದು ಲೇಸು.

ಗುಲ್ಮದ ಗಾಯ ಆಪರೇಷನ್ ಇಲ್ಲದೆ ಮಾಗಿ ಮನೆಗೆ ಹೋದವರು ಮೊದಲ ಎರಡು ವಾರ ವಿಶೇಷ ಎಚ್ಚರದಿಂದಿರಬೇಕು, ಏಕೆಂದರೆ ತಡವಾಗಿ ಮತ್ತೆ ಸೀಳುವುದು ಅಪರೂಪವಾದರೂ ಇಲ್ಲದಿಲ್ಲ. ತಲೆಸುತ್ತು, ಹೊಟ್ಟೆನೋವು ಅಥವಾ ಭುಜದ ನೋವು ಬಂದರೆ ಅದೇ ದಿನ ಮರಳಬೇಕು, ಬೈಕು, ಕಬಡ್ಡಿ, ಭಾರ ಎತ್ತುವ ಕೆಲಸಗಳನ್ನು ವೈದ್ಯರು ಹೇಳುವ ತನಕ ಮುಂದೂಡಬೇಕು. ಗುಲ್ಮವನ್ನು ತೆಗೆದೇಬಿಟ್ಟಿದ್ದರೆ ಕೆಲವು ಬಗೆಯ ಬ್ಯಾಕ್ಟೀರಿಯಾಗಳ ಎದುರು ದೇಹ ಜೀವಮಾನವಿಡೀ ದುರ್ಬಲವಾಗಿರುತ್ತದೆ. ನ್ಯುಮೊಕಾಕಸ್, ಮೆನಿಂಗೊಕಾಕಸ್ ಮತ್ತು ಹಿಬ್ ಲಸಿಕೆಗಳನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾದ ಎರಡು ವಾರಗಳ ನಂತರ ಹಾಕುತ್ತಾರೆ. ಆಮೇಲೆ ಎಷ್ಟೇ ವರ್ಷ ಕಳೆದಿದ್ದರೂ ಚಳಿಜ್ವರ ಬಂದ ದಿನವೇ ವೈದ್ಯರನ್ನು ಕಂಡು, ಗುಲ್ಮ ಇಲ್ಲವೆಂಬುದನ್ನು ಮೊದಲ ಮಾತಾಗಿ ಹೇಳಬೇಕು.